ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಲದ ಅಂಚಿಗೆ ನಾಡಗಿಡಗಳ ಜೀವಬೇಲಿ

ಜೀವಬೇಲಿಯ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಓದುಗರು ಬರೆದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬರೆದವರಲ್ಲಿ ಯುವಕ ಸಂಘದವರಿದ್ದಾರೆ, ರೈತರಿದ್ದಾರೆ, ಶಿಕ್ಷಕಿಯೊಬ್ಬರಿದ್ದಾರೆ. ಮೊದಲ ಪತ್ರಕ್ಕೆ ಕೊಟ್ಟ ಉತ್ತರವೇ ಉಳಿದವುಗಳಿಗೂ ಆಧಾರವಾಗಿರುವುದರಿಂದ ಅದು ದೀರ್ಘವಾಗಿದೆ.

ಪ್ರಶ್ನೆ: ನಮ್ಮೂರಿನ ಹೊಲಗಳ ನಡುವಿನ ಬಂಡಿದಾರಿಯ ಎರಡೂ ಬದಿಯಲ್ಲಿ ಹಿಂದೆ ಆಳೆತ್ತರದ ಬೇಲಿ ಇತ್ತು. ದಾರಿ ಅಗಲ ಮಾಡುವಾಗ ಜೆಸಿಬಿಯಿಂದ ಅದನ್ನೆಲ್ಲ ಕಿತ್ತು ಹಾಕಿದರು. ಈಗ ಬೆಳಗಿನ ಹೊತ್ತು ಗೌಜಲಕ್ಕಿಯ ಕೂಗು ಕೇಳಿಸುವುದೇ ಅಪರೂಪವಾಗಿದೆ. ನಮ್ಮ ಸಂಘದ ಸದಸ್ಯರು ಸ್ವಯಂಪ್ರೇರಣೆಯಿಂದ ದುಡಿಯಲು ಸಿದ್ಧರಿದ್ದೇವೆ. ಜೂನ್ 5ರ ವಿಶ್ವ ಪರಿಸರ ದಿನದಂದು ಒಂದು ಕಿಲೋಮೀಟರ್ ಉದ್ದಕ್ಕೆ, ಎರಡೂ ಬದಿಗೆ, 1,000 ಸಸಿ ನೆಡಬೇಕೆಂದಿದ್ದೇವೆ. ಯಾವ ಗಿಡ ನೆಡಬೇಕು, ಹೇಗೆ ನೆಡಬೇಕು, ಸಸಿ ಎಲ್ಲಿ ಸಿಗುತ್ತದೆ ಎಂದು ತಿಳಿಸಿ.
(ಯುವಕ ಸಂಘದ ಸದಸ್ಯರು, ಜಗಳೂರು ತಾಲ್ಲೂಕು)

ಉತ್ತರ: ನಿಮ್ಮ ಸಂಕಲ್ಪ ಒಳ್ಳೆಯದು. ಆದರೆ ದಿನಾಂಕ ಮತ್ತು ಉದ್ದ ಎರಡನ್ನೂ ಬದಲಿಸಿಕೊಳ್ಳಿ ಎಂಬುದು ನಮ್ಮ ಮೊದಲ ಸಲಹೆ. ಜಗಳೂರು ಮಧ್ಯ ಒಣ ವಲಯಕ್ಕೆ ಸೇರಿದ ತಾಲ್ಲೂಕು. ಈ ವಲಯದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 455ರಿಂದ 717 ಮಿಲಿಮೀಟರ್ ಮಾತ್ರ, ಅದರಲ್ಲೂ ದೊಡ್ಡ ಪಾಲು ಬರುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳಲ್ಲಿ. ಮೃಗಶಿರಕ್ಕೆ ಒಂದೆರಡು ಹದಮಳೆ ಬಿದ್ದರೂ ಅದರ ಬೆನ್ನಿಗೇ ಆಷಾಢದ ಗಾಳಿ ಎದ್ದು, ಹೊಸದಾಗಿ ನೆಟ್ಟ ಸಸಿಯ ಬೇರು ಮಣ್ಣು ಹಿಡಿಯುವ ಮೊದಲೇ ಮೇಲ್ಮಣ್ಣಿನ ತೇವವನ್ನೆಲ್ಲ ಹೀರಿಬಿಡುತ್ತದೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದು ಇದೇ ಗಾಳಿಯ ಬಲವನ್ನು ನಂಬಿ ಎಂಬುದನ್ನು ನೆನೆದರೆ, ಗೇಣುದ್ದದ ಸಸಿಯ ಪಾಡು ಏನೆಂದು ತಿಳಿಯುತ್ತದೆ. ಜಗಳೂರು, ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮುರು ಸೀಮೆಯಲ್ಲಿ ಹುಬ್ಬೆ ಮಳೆಯಿಂದ ಉತ್ತರೆ ಮಳೆಯವರೆಗಿನ ಅವಧಿ, ಅಂದರೆ ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗಿನ ದಿನಗಳು, ನೆಡುವುದಕ್ಕೆ ತಕ್ಕವು. ಚನ್ನಗಿರಿ, ಹೊನ್ನಾಳಿ ಕಡೆಯವರು ಮಾತ್ರ ಜೂನ್ ತಿಂಗಳಲ್ಲಿ ನೆಡಬಹುದು. ಜೂನ್ 5ರಂದು ನಿಮ್ಮ ಸಂಘ ಏನಾದರೂ ಮಾಡಲೇಬೇಕೆಂದಿದ್ದರೆ ಅಂದು ಕುಳಿ ತೋಡಿರಿ, ಬೀಜದ ಮಡಿ ಮಾಡಿರಿ.

ಇನ್ನು ಉದ್ದದ ಮಾತು. ಒಂದು ಕಿಲೋಮೀಟರ್ ದಾರಿಯ ಎರಡು ಬದಿಗೆ 1,000 ಸಸಿ ಹಂಚಿದರೆ ಆರು ಅಡಿಗೂ ಹೆಚ್ಚು ಅಂತರಕ್ಕೆ ಒಂದೊಂದು ಗಿಡ ಬರುತ್ತದೆ. ಅದು ಸಾಲುಗಿಡವಾದೀತೇ ಹೊರತು ಬೇಲಿಯಾಗದು. ಬೇಲಿಯೊಳಗೆ ಮೊಲ ಅಡಗಬೇಕು, ಗೌಜಲಕ್ಕಿ ಮೊಟ್ಟೆಯಿಡಬೇಕು ಎಂದರೆ ಅದರ ಬುಡ ದಟ್ಟವಾಗಿರಬೇಕು. ಅದಕ್ಕೆ ಎರಡು ಅಡಿ ಅಂತರದ ಎರಡು ಸಾಲು ಹೊಡೆದು, ಪ್ರತಿ ಸಾಲಿನಲ್ಲಿ ಒಂದೂವರೆ ಅಡಿಗೆ ಒಂದರಂತೆ, ಒಂದು ಸಾಲಿನ ಗಿಡ ಇನ್ನೊಂದು ಸಾಲಿನ ಎರಡು ಗಿಡಗಳ ನಡುವಿನ ತೆರಪಿಗೆ ಎದುರಾಗುವಂತೆ ನೆಡಬೇಕು. ಹೀಗೆ ನೆಟ್ಟರೆ 200 ಮೀಟರಿಗೆ ಸುಮಾರು 900 ಗಿಡ ಬೇಕಾಗುತ್ತದೆ. ಮೊದಲ ವರ್ಷಕ್ಕೆ ದಾರಿಯ ಒಂದೇ ಬದಿಯ 200 ಮೀಟರ್ ಸಾಕು. ಇಪ್ಪತ್ತು ಜನರ ಸಂಘ ಬೇಸಿಗೆಯಲ್ಲಿ ನೀರು ಹಾಕಿ ಕಾಯಬಲ್ಲಷ್ಟು ಉದ್ದವೆಂದರೆ ಅಷ್ಟೇ.

ನೆಡುವುದಕ್ಕಿಂತ ಮುಂಚೆ ಮಾಡಬೇಕಾದ ಕೆಲಸವೊಂದಿದೆ, ಅದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮೊದಲ ಮಳೆ ಬಿದ್ದು ಎರಡು ವಾರವಾದ ಮೇಲೆ ದಾರಿಯ ಉದ್ದಕ್ಕೂ ನಡೆದು ನೋಡಿರಿ. ಯಂತ್ರ ಕಿತ್ತು ಹಾಕಿದ ಕಡೆಯಲ್ಲೂ ಬಾರೆ, ಕಾರೆ, ಕವಳೆಯಂಥ ಗಿಡಗಳ ಬೇರು ಮಣ್ಣಿನೊಳಗೆ ಜೀವ ಹಿಡಿದುಕೊಂಡಿದ್ದು ಚಿಗುರುತ್ತವೆ. ಅಂಥ ಪ್ರತಿಯೊಂದು ಚಿಗುರಿನ ಪಕ್ಕದಲ್ಲಿ ಒಂದು ಕೋಲು ನೆಟ್ಟು, ಸುಣ್ಣ ಬಳಿದು ಗುರುತು ಮಾಡಿ. ಹಳೆಯ ಬೇರಿನಿಂದ ಎದ್ದ ಚಿಗುರು ಒಂದೇ ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದರೆ, ಚೀಲದಿಂದ ತೆಗೆದು ನೆಟ್ಟ ಸಸಿಗೆ ಅದೇ ಎತ್ತರ ಮುಟ್ಟಲು ಎರಡು ಮೂರು ವರ್ಷ ಹಿಡಿಯುತ್ತದೆ. ಉಳಿದಿರುವುದನ್ನು ಉಳಿಸಿಕೊಂಡು ತೆರಪು ಬಿದ್ದಲ್ಲಿ ಮಾತ್ರ ನೆಡುವುದೇ ಒಳ್ಳೆಯ ಬೇಲಿಗೆ ಹತ್ತಿರದ ದಾರಿ.

ಗಿಡಗಳ ಆಯ್ಕೆಯಲ್ಲಿ ನೋಡಬೇಕಾದದ್ದು ಒಂದೇ: ವರ್ಷದ ಯಾವ ತಿಂಗಳಲ್ಲಿ ಹೋದರೂ ಆ ಬೇಲಿಯಲ್ಲಿ ಯಾವುದಾದರೂ ಜೀವಿಗೆ ಆಹಾರ ಸಿಗಬೇಕು. ಕವಳೆ ಬೇಸಿಗೆಯಲ್ಲಿ ಮಲ್ಲಿಗೆಯಂಥ ಬಿಳಿ ಹೂ ಬಿಟ್ಟು ಮುಂಗಾರಿನ ಹೊತ್ತಿಗೆ ಕಪ್ಪು ಹಣ್ಣು ಕೊಡುತ್ತದೆ. ಬಾರೆ, ಅಂದರೆ ಎಲಚಿ, ಚಳಿಗಾಲದಲ್ಲಿ ಹಣ್ಣಾಗುತ್ತದೆ. ತಂಗಡಿಯಲ್ಲಿ ಹಳದಿ ಹೂವಿಲ್ಲದ ತಿಂಗಳೇ ಕಡಿಮೆ. ಲಕ್ಕಿಯ ನೀಲಿ ಹೂಗೊಂಚಲಿಗೆ ಮಳೆಗಾಲದಲ್ಲಿ ಜೇನು ಮುತ್ತುತ್ತದೆ. ಇವುಗಳ ಜೊತೆಗೆ ಕಾರೆ, ಬಂದರೆ, ಆಡುಸೋಗೆ, ಎಲೆಗಳ್ಳಿ, ಅಲ್ಲಲ್ಲಿ ಒಂದೊಂದು ಗಜ್ಜುಗ ಸೇರಲಿ. ಪ್ರತಿ ಹತ್ತು ಹದಿನೈದು ಮೀಟರಿಗೆ ಒಂದು ಬೇವನ್ನೋ ಕಮರವನ್ನೋ ಬಿಳಿಜಾಲಿಯನ್ನೋ ಮರವಾಗಲು ಬಿಡಿ. ಎರಡನೆಯ ವರ್ಷ ಬಳ್ಳಿಗಳನ್ನು ಹಬ್ಬಿಸಿ: ಕಾಡುತೊಂಡೆ, ಅಮೃತಬಳ್ಳಿ, ಮಂಗರವಳ್ಳಿ, ಸಿಕ್ಕರೆ ಈಶ್ವರಿ ಬಳ್ಳಿ. ಕೆಂಪು ಮೈಯ ದೊಡ್ಡ ಕಪ್ಪು ಚಿಟ್ಟೆಯೊಂದನ್ನು ನೀವೆಲ್ಲ ನೋಡಿರುತ್ತೀರಿ. ಅದರ ಮರಿಹುಳು ತಿನ್ನುವುದು ಈಶ್ವರಿ ಬಳ್ಳಿಯ ಜಾತಿಯ ಎಲೆಗಳನ್ನು ಮಾತ್ರ. ಬಳ್ಳಿ ಇಲ್ಲದ ಊರಿನಲ್ಲಿ ಆ ಚಿಟ್ಟೆ ಸಂತಾನ ಬೆಳೆಸಲಾರದು.

ಎರಡು ಸಾಲಿನಲ್ಲಿ ಯಾವುದು ಹೊರಗೆ, ಯಾವುದು ಒಳಗೆ ಎಂಬುದಕ್ಕೂ ಲೆಕ್ಕವಿದೆ. ದಾರಿಯ ಕಡೆಗೆ ಕುರಿ, ಮೇಕೆ ಬಾಯಿ ಹಾಕದ ಲಕ್ಕಿ, ಆಡುಸೋಗೆ, ಬಂದರೆ, ಕಳ್ಳಿ ಇರಲಿ. ಮೇಕೆಗೆ ಪ್ರಿಯವಾದ ಬಾರೆಯಂಥ ಗಿಡಗಳು ಒಳಸಾಲಿನಲ್ಲಿರಲಿ. ಇಷ್ಟಾದರೂ ಮೊದಲ ಎರಡು ವರ್ಷ ಹೊರಗಡೆ ಒಣಮುಳ್ಳು ಹಾಕುವುದು ತಪ್ಪದು. ಬಳ್ಳಾರಿ ಜಾಲಿಯ ಕೊಂಬೆಗಳನ್ನು ಅದಕ್ಕೆ ಬಳಸಬಹುದು, ಆದರೆ ಕಾಯಿ ಇಲ್ಲದ ಕಾಲ ನೋಡಿ ಕಡಿಯಬೇಕು. ಇಲ್ಲದಿದ್ದರೆ ನಾವೇ ಅದರ ಬೀಜವನ್ನು ಹೊತ್ತು ತಂದು ಬಿತ್ತಿದಂತಾಗುತ್ತದೆ. ಊರಿನ ಕುರಿಗಾಹಿಗಳನ್ನು ಮೊದಲ ಸಭೆಗೇ ಕರೆಯಿರಿ. ಮುಳ್ಳಿನ ಬಗ್ಗೆ ಅವರಿಗಿರುವಷ್ಟು ತಿಳಿವಳಿಕೆ ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ. ಚಳ್ಳಕೆರೆ ಸೀಮೆಯ ಕಾಡುಗೊಲ್ಲರು ಕ್ಯಾತೆದೇವರ ಜಾತ್ರೆಯಲ್ಲಿ ಬಾರೆಮುಳ್ಳಿನಿಂದ ಗುಡಿಯನ್ನೇ ಕಟ್ಟುತ್ತಾರೆ. ಯಾವ ಮುಳ್ಳು ಎಷ್ಟು ದಿನ ಬಾಳುತ್ತದೆ, ಯಾವ ಕೊಂಬೆ ಯಾವುದರೊಳಗೆ ಹೆಣೆದುಕೊಳ್ಳುತ್ತದೆ ಎಂಬುದನ್ನು ಅಂಥವರಿಂದ ಕಲಿಯಬೇಕು. ಕುರಿಹಿಂಡು ದಾಟಲು ನಡುವೆ ಎರಡು ಕಡೆ ಅಗಲವಾದ ಕಂಡಿ ಬಿಟ್ಟರೆ ಅವರಿಗೂ ತೊಂದರೆಯಿಲ್ಲ, ಬೇಲಿಗೂ ತೊಂದರೆಯಿಲ್ಲ.

ಸಸಿ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ನರ್ಸರಿಗಳಲ್ಲಿ ಸಾಮಾನ್ಯವಾಗಿ ದೊರೆಯುವುದು ಮರವಾಗುವ ಸಸಿಗಳು. ಪೊದೆಗಿಡಗಳನ್ನು ನೀವೇ ಬೆಳೆಸಿಕೊಳ್ಳಬೇಕು, ಅದು ಕಷ್ಟವೇನಲ್ಲ. ಲಕ್ಕಿ ಮತ್ತು ಆಡುಸೋಗೆ ಕಡ್ಡಿ ನೆಟ್ಟರೆ ಬರುತ್ತವೆ. ಕಳ್ಳಿಯ ತುಂಡನ್ನು ಕಡಿದ ಕೂಡಲೇ ನೆಟ್ಟರೆ ಕೊಳೆಯುವುದರಿಂದ ಒಂದು ವಾರ ನೆರಳಿನಲ್ಲಿಟ್ಟು ಗಾಯ ಒಣಗಿದ ಮೇಲೆ ನೆಡಬೇಕು. ಅದರ ಹಾಲು ಕಣ್ಣಿಗೆ ತಾಗದಂತೆ ಮಕ್ಕಳನ್ನು ಆ ಕೆಲಸದಿಂದ ದೂರವಿಡಿ. ತಂಗಡಿ ಮತ್ತು ಬಂದರೆಯ ಬೀಜವನ್ನು ಕುದಿಸಿ ಇಳಿಸಿದ ಬಿಸಿನೀರಿಗೆ ಹಾಕಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಬಿತ್ತಬೇಕು. ಗಜ್ಜುಗದ ಸಿಪ್ಪೆ ಕಲ್ಲಿನಷ್ಟು ಗಟ್ಟಿ, ಆದ್ದರಿಂದ ಒಂದು ಪಕ್ಕವನ್ನು ಒರಟು ಕಲ್ಲಿಗೆ ಉಜ್ಜಿ ಒಳಗಿನ ಬಿಳುಪು ಕಂಡ ಮೇಲೆ ನೆನೆಹಾಕಬೇಕು. ಬಾರೆಯ ಓಟೆಯನ್ನು ಒಳಗಿನ ತಿರುಳಿಗೆ ಪೆಟ್ಟಾಗದಂತೆ ಮೆಲ್ಲಗೆ ಒಡೆದು ಬಿತ್ತಿದರೆ ಬೇಗ ಹುಟ್ಟುತ್ತದೆ. ಕವಳೆಯ ಬೀಜಕ್ಕೆ ಮಾತ್ರ ಕಾಯುವ ಶಕ್ತಿಯಿಲ್ಲ, ಹಣ್ಣು ತಿಂದ ವಾರದೊಳಗೇ ಬಿತ್ತಬೇಕು. ಅದರ ಸಸಿ ನಿಧಾನವಾಗಿ ಬೆಳೆಯುವುದರಿಂದ ಈ ವರ್ಷ ಅದಕ್ಕೆ ಜಾಗ ಬಿಟ್ಟು ಮುಂದಿನ ವರ್ಷ ನೆಡಿರಿ. ಬೀಜವನ್ನು ನಿಮ್ಮ ಊರಿನ ಸುತ್ತಮುತ್ತಲ ಗುಡ್ಡ, ಬದುಗಳಿಂದಲೇ ಆಯ್ದುಕೊಳ್ಳಿ. ರಂಗಯ್ಯನದುರ್ಗದ ಕೊಂಡುಕುರಿ ಧಾಮವು ನಿಮ್ಮ ತಾಲ್ಲೂಕಿನಲ್ಲೇ ಇದೆ ನಿಜ, ಆದರೆ ವನ್ಯಜೀವಿ ಧಾಮದೊಳಗೆ ಬೀಜ, ಹಣ್ಣು ಕೀಳುವಂತಿಲ್ಲ.

ನೀರಿನ ಲೆಕ್ಕವನ್ನು ಈಗಲೇ ಹಾಕಿಕೊಳ್ಳಿ. ಫೆಬ್ರುವರಿಯಿಂದ ಮೇ ಕೊನೆಯವರೆಗೆ ಹತ್ತು ದಿನಕ್ಕೊಮ್ಮೆ ಗಿಡಕ್ಕೆ ಎರಡು ಲೀಟರ್ ಎಂದರೆ 900 ಗಿಡಕ್ಕೆ ಒಂದು ಸುತ್ತಿಗೆ 1,800 ಲೀಟರ್ ಆಗುತ್ತದೆ. ಅಂಥ 12 ಸುತ್ತು ಬೇಕು. ಯಾರ ಕೊಳವೆಬಾವಿಯಿಂದ ನೀರು, ಯಾರ ಟ್ರ್ಯಾಕ್ಟರ್, ಯಾವ ವಾರ ಯಾರ ಪಾಳಿ ಎಂಬುದನ್ನು ಕುಳಿ ತೋಡುವ ಮೊದಲೇ ಬರೆದಿಟ್ಟುಕೊಂಡರೆ ಬೇಲಿ ಉಳಿಯುತ್ತದೆ. ಬುಡಕ್ಕೆ ಶೇಂಗಾ ಹೊಟ್ಟನ್ನೋ ಜೋಳದ ದಂಟನ್ನೋ ಹರಡಿದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಮೂರನೆಯ ಬೇಸಿಗೆ ದಾಟಿದ ಮೇಲೆ ನೀರು ಬೇಕಿಲ್ಲ. ಸತ್ತ ಗಿಡಗಳ ಜಾಗದಲ್ಲಿ ಒಣ ಕೊಂಬೆಗಳನ್ನು ನೆಟ್ಟುನಿಲ್ಲಿಸಿ. ಪಿಕಳಾರಗಳು ಅವುಗಳ ಮೇಲೆ ಕುಳಿತು ಹಿಕ್ಕೆಯ ಜೊತೆಗೆ ತಾವು ತಿಂದ ಹಣ್ಣಿನ ಬೀಜವನ್ನೂ ಹಾಕಿ ಹೋಗುತ್ತವೆ, ಹೀಗೆ ಹುಟ್ಟಿದ ಗಿಡ ಯಾರ ಆರೈಕೆಯನ್ನೂ ಕೇಳುವುದಿಲ್ಲ.

ಪ್ರಶ್ನೆ: ನಮ್ಮ ಕಡೆ ಗೊಬ್ಬರದ ಗಿಡ, ಭೂತಾಳೆ ಮತ್ತು ಲಂಟಾನ ಬೇಲಿಗಳು ಚೆನ್ನಾಗಿಯೇ ಇವೆ. ಲಂಟಾನದ ಹಣ್ಣನ್ನು ಹಕ್ಕಿಗಳು ತಿನ್ನುತ್ತವೆ, ಹೂವಿಗೆ ಚಿಟ್ಟೆ ಬರುತ್ತದೆ. ಹೀಗಿರುವಾಗ ನಾಡಗಿಡವೇ ಬೇಕೆಂಬ ಹಟ ಏಕೆ?
(ಓದುಗರು, ಹಿರಿಯೂರು)

ಉತ್ತರ: ಗೊಬ್ಬರದ ಗಿಡದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಮಧ್ಯ ಅಮೆರಿಕದಿಂದ ಬಂದ ಆ ಗಿಡದ ಸೊಪ್ಪು ಹೊಲಕ್ಕೆ ಒಳ್ಳೆಯ ಹಸಿರುಗೊಬ್ಬರವಾಗುತ್ತದೆ, ಬದುವಿನ ಮೇಲೆ ಅದು ಇರಲಿ. ಲಂಟಾನ ಮತ್ತು ಬಳ್ಳಾರಿ ಜಾಲಿಯ ಮಾತು ಬೇರೆ. ಲಂಟಾನ 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಬಂದದ್ದು, ಬಳ್ಳಾರಿ ಜಾಲಿ 1870ರ ದಶಕದಲ್ಲಿ ಬಂದದ್ದು. ಎರಡೂ ತಮ್ಮ ಕೆಳಗೆ ಇನ್ನೊಂದು ಗಿಡ ಹುಟ್ಟಲು ಬಿಡದೆ ಹಬ್ಬಿವೆ. ಲಂಟಾನದ ಎಲೆ ದನಕರುಗಳಿಗೆ ವಿಷ.

ಹಕ್ಕಿ ಹಣ್ಣು ತಿನ್ನುತ್ತದೆ, ಚಿಟ್ಟೆ ಮಕರಂದ ಹೀರುತ್ತದೆ ಎಂಬುದು ನಿಜವೇ. ಆದರೆ ಹಣ್ಣು ತಿನ್ನುವ ಪಿಕಳಾರವೂ ಗೂಡಿನಲ್ಲಿರುವ ಮರಿಗೆ ಹುಳುವನ್ನೇ ತಂದು ತಿನ್ನಿಸುತ್ತದೆ. ಆ ಹುಳು ಬೆಳೆಯುವುದು ಎಲೆಯ ಮೇಲೆ. ಪರದೇಶದ ಗಿಡದ ಎಲೆಯನ್ನು ಅರಗಿಸಿಕೊಳ್ಳುವ ನಮ್ಮ ಹುಳುಗಳು ತೀರ ಕಡಿಮೆ. ಅದೇ ಬಾರೆ ಗಿಡದ ಬಳಿ ಕೆಲ ಹೊತ್ತು ನಿಂತು ನೋಡಿರಿ. ಬಿಳಿ ರೆಕ್ಕೆಯಲ್ಲಿ ಕಪ್ಪು ಚುಕ್ಕೆಗಳಿರುವ, ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಚಿಟ್ಟೆಯೊಂದು ಅದರ ಎಳೆ ಚಿಗುರನ್ನು ಹುಡುಕಿ ಮೊಟ್ಟೆಯಿಡುತ್ತದೆ. ತಂಗಡಿ ಮತ್ತು ಕಕ್ಕೆಯ ಎಲೆಗಳ ಮೇಲೆ ಹಸಿರು ಮರಿಹುಳುಗಳಿರುತ್ತವೆ, ಅವು ತಿಳಿಹಳದಿ ಬಣ್ಣದ ವಲಸೆ ಚಿಟ್ಟೆಗಳಾಗುತ್ತವೆ. ಅವುಗಳನ್ನು ಹುಡುಕಿಕೊಂಡು ಟುವ್ವಿ ಹಕ್ಕಿಯೂ ಹರಟೆಮಲ್ಲಗಳ ಗುಂಪೂ ಬರುತ್ತವೆ. ಕಳಿಂಗ ಹಕ್ಕಿ ಇದ್ದ ಬೇಲಿಯಲ್ಲಿ ಜಾಲಿಯ ಮುಳ್ಳಿಗೆ ಚುಚ್ಚಿಟ್ಟ ಮಿಡತೆ ಕಾಣಸಿಗುತ್ತದೆ. ಅದರ ಕಾಲಿಗೆ ಬೇಟೆಯನ್ನು ಒತ್ತಿಹಿಡಿಯುವ ಬಲ ಸಾಲದು, ಆದ್ದರಿಂದ ಮುಳ್ಳಿಗೆ ಸಿಕ್ಕಿಸಿ ಕೊಕ್ಕಿನಿಂದ ಹರಿದು ತಿನ್ನುತ್ತದೆ, ಹೆಚ್ಚಾದದ್ದನ್ನು ಅಲ್ಲೇ ಬಿಟ್ಟು ಮತ್ತೆ ಬರುತ್ತದೆ. ಲಂಟಾನವು ಆ ಮುಳ್ಳಿನ ಕೆಲಸವನ್ನು ಮಾಡಲಾರದು.

ಕಾರೆಯ ಒಳಕೊಂಬೆಯಲ್ಲಿ ಅಂಗೈಯಗಲದ ಒಂದೇ ಹಲ್ಲೆಯ ಕೋಲ್ಜೇನು ಕಟ್ಟಿದ್ದನ್ನು ಕಂಡರೆ, ಹಲ್ಲೆಯ ಎರಡೂ ಬದಿಗೆ ಕೊಂಬೆಯ ಮೇಲೆ ಬಳಿದಿರುವ ಅಂಟಿನ ಪಟ್ಟಿಯನ್ನು ಗಮನಿಸಿ. ಇರುವೆಗಳು ದಾಟಿ ಬರದಂತೆ ಜೇನ್ನೊಣಗಳೇ ಗಿಡಗಳ ಅಂಟನ್ನು ತಂದು ಅದನ್ನು ಬಳಿಯುತ್ತವೆ. ಸೂರ್ಯಕಾಂತಿ ಬೆಳೆಯುವವರಿಗೆ ಈ ಪುಟ್ಟ ಜೇನಿನ ಬೆಲೆ ಗೊತ್ತು.

ಹಾಗೆಂದು ಇರುವ ಲಂಟಾನ ಬೇಲಿಯನ್ನೆಲ್ಲ ಒಂದೇ ಸಲ ಕಿತ್ತು ಹಾಕಬೇಡಿ. ಅದರಲ್ಲಿ ಆಶ್ರಯ ಪಡೆದ ಮೊಲಕ್ಕೂ ಮುಂಗುಸಿಗೂ ಬೇರೆ ಜಾಗವಿರುವುದಿಲ್ಲ. ವರ್ಷಕ್ಕೆ 20 ಅಡಿಯಷ್ಟನ್ನು ಬೇರುಸಹಿತ ತೆಗೆದು, ಆ ಜಾಗದಲ್ಲಿ ಲಕ್ಕಿ, ಬಾರೆ, ಕಾರೆ ನೆಟ್ಟು, ಅವು ಎದೆಯೆತ್ತರ ಬಂದ ಮೇಲೆ ಮುಂದಿನ ಭಾಗಕ್ಕೆ ಕೈ ಹಾಕಿ.

ಪ್ರಶ್ನೆ: ಬೇಲಿಯ ನೆರಳಿನಿಂದ ಮೆಕ್ಕೆಜೋಳದ ಇಳುವರಿ ಕುಗ್ಗುತ್ತದೆ, ಹಾವು ಸೇರುತ್ತದೆ, ಹಂದಿ ಕೂಡ ತಡೆಯುವುದಿಲ್ಲ ಎಂದು ನಮ್ಮ ಮನೆಯಲ್ಲಿ ಹಿರಿಯರು ವಿರೋಧಿಸುತ್ತಿದ್ದಾರೆ. ಅವರಿಗೆ ಏನು ಹೇಳಲಿ?
(ರೈತ, ಹೊಳಲ್ಕೆರೆ ತಾಲ್ಲೂಕು)

ಉತ್ತರ: ಹಿರಿಯರ ಮಾತಿನಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಬೇಡಿ. ಬೇಲಿಗೆ ಹತ್ತಿರದ ಒಂದೆರಡು ಸಾಲು ಬೆಳೆ ಸೊರಗುವುದು ಸಹಜ. ಹೊಲದ ಕಡೆಗೆ ಎರಡಡಿ ಆಳದ ಕಾಲುವೆ ತೆಗೆದು ವರ್ಷಕ್ಕೊಮ್ಮೆ ಬೇರು ಕತ್ತರಿಸಿದರೆ, ಬೇಲಿಯ ಎತ್ತರವನ್ನು ಐದಾರು ಅಡಿಗೆ ಮೀರದಂತೆ ಸವರಿದರೆ ಆ ನಷ್ಟ ಕಡಿಮೆಯಾಗುತ್ತದೆ. ಕಾಲುವೆಯಲ್ಲಿ ಮಳೆನೀರೂ ಇಂಗುತ್ತದೆ. ಇನ್ನೊಂದು ಕಡೆ ನೋಡಿದರೆ, ಆಷಾಢದ ಗಾಳಿಯನ್ನು ಬೇಲಿ ತನ್ನ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ತಗ್ಗಿಸುತ್ತದೆ. ಗೋಡೆಗೆ ಬಡಿದ ಗಾಳಿ ಅದನ್ನು ಹಾರಿ ಆಚೆ ಸುಳಿಯಾಗಿ ಬೀಳುತ್ತದೆ, ಗಿಡಗಳ ನಡುವೆ ಸೋಸಿ ಬಂದ ಗಾಳಿ ಹಾಗೆ ಮಾಡುವುದಿಲ್ಲ. ಹೊಲದ ಪಡುವಣ ಅಂಚಿನಲ್ಲಿ ಬೇಲಿ ಇದ್ದರೆ ಈ ಲಾಭ ಹೆಚ್ಚು.

ಮೆಕ್ಕೆಜೋಳದ ಸೈನಿಕ ಹುಳುವಿನ ವಿಷಯ ನಿಮಗೆ ಗೊತ್ತಿರುವುದೇ. 2018ರಲ್ಲಿ ದೇಶದಲ್ಲೇ ಮೊದಲು ಪಕ್ಕದ ಶಿವಮೊಗ್ಗದಲ್ಲಿ ಕಾಣಿಸಿಕೊಂಡು ನಮ್ಮ ಎರಡೂ ಜಿಲ್ಲೆಗಳಿಗೆ ಹರಡಿತು. ಬೇಲಿಯೊಂದರಿಂದಲೇ ಅದು ಹತೋಟಿಗೆ ಬರುತ್ತದೆಂದು ನಾವು ಹೇಳಲಾರೆವು. ಆದರೆ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಕಣಜದ ಜಾತಿಯ ಸಣ್ಣ ಕೀಟಗಳಿಗೆ ಬೆಳೆಯಿಲ್ಲದ ತಿಂಗಳುಗಳಲ್ಲಿ ಹೂವು ಬೇಕು, ಕಳೆನಾಶಕ ಹೊಡೆದು ಬೋಳಾದ ಬದುವಿನಲ್ಲಿ ಅವು ಬದುಕಲಾರವು.

ಹಾವು ಇರುತ್ತದೆ, ಇಲ್ಲವೆಂದು ಹೇಳುವುದು ಸರಿಯಲ್ಲ. ಹೆಚ್ಚಾಗಿ ಕಾಣುವುದು ಇಲಿ ತಿನ್ನುವ ಕೇರೆ ಹಾವು. ಆದರೆ ನಮ್ಮ ಕಲ್ಲುನೆಲದಲ್ಲಿ ಉರಿಮಂಡಲವೂ ಹೊಲಗಳಲ್ಲಿ ಕೊಳಕುಮಂಡಲವೂ ಇವೆ, ಅವು ಬೇಲಿಗೂ ಬರುತ್ತವೆ. ಆದ್ದರಿಂದ ಮನೆ, ಕೊಟ್ಟಿಗೆ, ಕಣ ಇವುಗಳಿಗೆ ತಾಗಿದಂತೆ ದಟ್ಟ ಬೇಲಿ ಬೇಡ, 30 ಅಡಿಯಾದರೂ ಜಾಗ ಬಿಡಿ. ಕಾಲುದಾರಿಯ ಪಕ್ಕದ ಹುಲ್ಲನ್ನು ಸವರಿಡಿ. ರಾತ್ರಿ ನೀರು ಕಟ್ಟಲು ಹೋಗುವವರು ಬೂಟು ಹಾಕಿಕೊಂಡು ಟಾರ್ಚ್ ಹಿಡಿದೇ ಹೋಗಬೇಕು. ಹಾವು ಕಚ್ಚಿದರೆ ಕಟ್ಟು ಬಿಗಿಯುತ್ತ, ಮಂತ್ರ ಹಾಕಿಸುತ್ತ ಹೊತ್ತು ಕಳೆಯದೆ ನೇರವಾಗಿ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಂದಿಯ ವಿಷಯದಲ್ಲಿ ಹಿರಿಯರು ಹೇಳಿದ್ದೇ ಸರಿ. ಗಜ್ಜುಗ ಮತ್ತು ಕಾರೆ ಹೆಣೆದುಕೊಂಡ ಹಳೆಯ ಬೇಲಿ ದನಗಳನ್ನು ತಡೆಯುತ್ತದೆ, ಹಂದಿಯನ್ನು ಪೂರ್ತಿ ತಡೆಯುವುದಿಲ್ಲ.

ಪ್ರಶ್ನೆ: ನಮ್ಮ ಊರು ಗುಡ್ಡದ ಬುಡದಲ್ಲಿದೆ, ಕರಡಿಗಳ ಓಡಾಟವಿದೆ. ನಾವೂ ಶಾಲೆಗೆ ಹೋಗುವ ದಾರಿಯಲ್ಲಿ ಇಂಥ ಬೇಲಿ ಬೆಳೆಸಬಹುದೇ?
(ಸ್ತ್ರೀಶಕ್ತಿ ಸಂಘದ ಸದಸ್ಯೆಯರು, ಹೊಸದುರ್ಗ ತಾಲ್ಲೂಕು)

ಉತ್ತರ: ಆ ದಾರಿಯಲ್ಲಿ ಬೇಡ. ಬಾರೆ, ಕವಳೆ, ಕಕ್ಕೆ ಇವು ಮೂರೂ ಕರಡಿಗೆ ಬಹಳ ಪ್ರಿಯವಾದವು. ಹಣ್ಣಿನ ಕಾಲದಲ್ಲಿ ನಸುಕಿನಲ್ಲಿ ಮತ್ತು ಸಂಜೆ ಅದು ಅವುಗಳನ್ನು ಹುಡುಕಿಕೊಂಡು ಬರುತ್ತದೆ. ದಟ್ಟ ಬೇಲಿಯ ಮರೆಯಲ್ಲಿ ಮಗುವೊಂದು ಹಠಾತ್ತನೆ ಅದರ ಎದುರಿಗೆ ಬೀಳುವ ಸಂದರ್ಭವನ್ನು ನಾವಾಗಿಯೇ ಸೃಷ್ಟಿಸಬಾರದು. ಶಾಲೆಯ ದಾರಿಯ ಬದಿಯಲ್ಲಿ ಹಣ್ಣಿಲ್ಲದ ತಂಗಡಿಯನ್ನು ಮೊಣಕಾಲೆತ್ತರಕ್ಕೆ ಸವರಿಕೊಂಡು ಬೆಳೆಸಿ, ಆಚೀಚೆ ನೋಟ ತೆರೆದಿರಲಿ. ಹಣ್ಣಿನ ಗಿಡಗಳನ್ನು ಗುಡ್ಡಕ್ಕೆ ತಾಗಿದ, ಜನ ಓಡಾಡದ ಅಂಚಿನಲ್ಲಿ ನೆಡಿರಿ. ಆಹಾರ ಗುಡ್ಡದ ಕಡೆಯೇ ಸಿಕ್ಕರೆ ಕರಡಿ ಊರಿನತ್ತ ಇಳಿಯುವ ಅಗತ್ಯವೂ ಕಡಿಮೆಯಾಗುತ್ತದೆ.

ಪ್ರಶ್ನೆ: ದಾವಣಗೆರೆ ನಗರದ ನಮ್ಮ ಶಾಲೆಯ ಕಾಂಪೌಂಡ್ ಒಳಗೆ ಡುರಾಂಟಾ ಬೇಲಿ ಇದೆ. ಮಕ್ಕಳೊಂದಿಗೆ ಸೇರಿ ಅದನ್ನು ಬದಲಿಸುವ ಆಸೆ. ಮುಳ್ಳಿಲ್ಲದ ಗಿಡಗಳನ್ನು ಸೂಚಿಸಿ.
(ಶಿಕ್ಷಕಿ, ದಾವಣಗೆರೆ)

ಉತ್ತರ: ಡುರಾಂಟಾದ ಹಳದಿ ಹಣ್ಣು ವಿಷವಾದ್ದರಿಂದ ಮಕ್ಕಳಿರುವ ಕಡೆ ಅದನ್ನು ಬದಲಿಸುವುದೇ ಸೂಕ್ತ. ಆಡುಸೋಗೆ, ಲಕ್ಕಿ, ತಂಗಡಿ, ಕರಿಬೇವು ಇಷ್ಟು ಸಾಕು. ಕರಿಬೇವಿನ ಮೇಲೆ ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವ, ಬೆಳೆದಂತೆ ಹಸಿರಾಗುವ ಮರಿಹುಳುವನ್ನು ಮಕ್ಕಳಿಗೆ ತೋರಿಸಿ, ಅದು ಚಿಟ್ಟೆಯಾಗುವವರೆಗೆ ಔಷಧ ಹೊಡೆಯದಂತೆ ನೋಡಿಕೊಳ್ಳಿ. ಮೂಲೆಯಲ್ಲಿ ಎಕ್ಕದ ಗಿಡ ತಾನಾಗಿ ಹುಟ್ಟಿದ್ದರೆ ಕೀಳಬೇಡಿ, ಅದರ ಹಾಲನ್ನು ಮುಟ್ಟದಂತೆ ಮಾತ್ರ ಮಕ್ಕಳಿಗೆ ಎಚ್ಚರಿಕೆ ಹೇಳಿ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಜೀವಬೇಲಿಗೆ ನಾಲ್ಕು ವರ್ಷವಾಗಿದೆ, ಈಗ ಬುಡ ಬರಿದಾಗಿ ಮೇಲೆ ಮಾತ್ರ ಹರಡಿದೆ. ಯಾವಾಗ, ಹೇಗೆ ಸವರಬೇಕು?
(ಓದುಗರು, ಚನ್ನಗಿರಿ ತಾಲ್ಲೂಕು)

ಉತ್ತರ: ಮೊದಲ ವರ್ಷವೇ ಮೊಣಕಾಲೆತ್ತರಕ್ಕೆ ಕತ್ತರಿಸಿದ್ದರೆ ಬುಡದಿಂದ ಕವಲೊಡೆದು ದಟ್ಟವಾಗುತ್ತಿತ್ತು, ಈಗಲೂ ತಡವಾಗಿಲ್ಲ. ಉದ್ದವನ್ನು ಮೂರು ಪಾಲು ಮಾಡಿಕೊಂಡು ವರ್ಷಕ್ಕೆ ಒಂದು ಪಾಲನ್ನು ಮಾತ್ರ ನೆಲದಿಂದ ಒಂದಡಿ ಬಿಟ್ಟು ಮಚ್ಚಿನಿಂದ ಓರೆಯಾಗಿ ಕಡಿಯಿರಿ. ಹಾಗೆ ಮಾಡಿದರೆ ಉಳಿದ ಎರಡು ಪಾಲಿನಲ್ಲಿ ಹೂವು, ಹಣ್ಣು, ಗೂಡು ಎಲ್ಲವೂ ಇರುತ್ತವೆ. ಡಿಸೆಂಬರ್, ಜನವರಿ ಈ ಕೆಲಸಕ್ಕೆ ತಕ್ಕ ಕಾಲ. ಬೇಸಿಗೆಯಿಂದ ಮಳೆಗಾಲದವರೆಗೆ ಹಕ್ಕಿಗಳು ಗೂಡು ಕಟ್ಟುತ್ತವೆ, ಆಗ ಕೈ ಹಾಕಬಾರದು. ಕಡಿದ ಕೊಂಬೆಗಳಿಗೆ ಬೆಂಕಿ ಹಚ್ಚದೆ ಬುಡದಲ್ಲೇ ಒಟ್ಟಿದರೆ ಹಾವುರಾಣಿಗೂ ಓತಿಕ್ಯಾತಕ್ಕೂ ನೆಲೆಯಾಗುತ್ತದೆ, ಮೇಕೆಯಿಂದ ಹೊಸ ಚಿಗುರಿಗೂ ರಕ್ಷಣೆ ಸಿಗುತ್ತದೆ.

ಪ್ರಶ್ನೆ: ದಾರಿಬದಿಯಲ್ಲಿ ನೆಡಲು ಯಾರ ಅನುಮತಿ ಬೇಕು?
(ಹಲವು ಓದುಗರು)

ಉತ್ತರ: ಊರಿನೊಳಗಿನ ದಾರಿಯಾದರೆ ಗ್ರಾಮ ಪಂಚಾಯಿತಿಯದು, ದೊಡ್ಡ ರಸ್ತೆಯಾದರೆ ಆ ರಸ್ತೆಯ ಇಲಾಖೆಯದು. ದಾರಿಯ ಅಗಲವನ್ನು ದಾಖಲೆಯಲ್ಲಿ ನೋಡಿ, ಪಕ್ಕದ ಹೊಲದವರನ್ನು ಕರೆದು ಗಡಿ ಗುರುತಿಸಿದ ಮೇಲೆಯೇ ಕುಳಿ ತೋಡಿರಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಉಳಿದಿರುವ ಹಳೆಯ ಬೇಲಿಗಳನ್ನು ಅದರ ದಾಖಲಾತಿಯಲ್ಲಿ ಸೇರಿಸುವಂತೆ ಗ್ರಾಮಸಭೆಯಲ್ಲಿ ಬರಹದ ಮೂಲಕ ಕೇಳಿ. ಮುಂದೊಮ್ಮೆ ದಾರಿ ಅಗಲ ಮಾಡುವ ಮಾತು ಬಂದಾಗ ತೋರಿಸಲು ಕೈಯಲ್ಲಿ ಕಾಗದವಿರುತ್ತದೆ.

ಪ್ರಶ್ನೆ: ನಮ್ಮೂರಿನ ಪಕ್ಕದ ಅಮೃತ ಮಹಲ್ ಕಾವಲು ಬರಡಾಗಿ ಬಿದ್ದಿದೆ. ಕಾಲೇಜಿನ ವಿದ್ಯಾರ್ಥಿಗಳು ಅದರ ನಡುವೆ ಗಿಡಗಳ ಸಾಲು ನೆಟ್ಟು ಹಸಿರು ಮಾಡಬೇಕೆಂದಿದ್ದೇವೆ.
(ವಿದ್ಯಾರ್ಥಿಗಳು, ಚಳ್ಳಕೆರೆ)

ಉತ್ತರ: ದಯವಿಟ್ಟು ನೆಡಬೇಡಿ. ಕಾವಲು ಬರಡಲ್ಲ, ಅದು ಹುಲ್ಲುಗಾವಲು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ನಿಮ್ಮಲ್ಲಿ ಬೇಸಿಗೆಯಲ್ಲಿ ಹುಲ್ಲು ಒಣಗಿ ನೆಲ ಬೂದುಬಣ್ಣಕ್ಕೆ ತಿರುಗುವುದು ಸಹಜ, ಬೇರು ಕೆಳಗೆ ಜೀವಂತವಾಗಿಯೇ ಇರುತ್ತದೆ. ನೆಲಗುಬ್ಬಿ ಮತ್ತು ಟಿಟ್ಟಿಭ ಹಕ್ಕಿಗಳು ಬರಿನೆಲದ ಮೇಲೆ ಮೊಟ್ಟೆಯಿಟ್ಟು, ದೂರದಿಂದ ಬರುವ ಶತ್ರುವನ್ನು ನೋಡಿ ಎಚ್ಚರಗೊಳ್ಳುತ್ತವೆ. ಕೃಷ್ಣಮೃಗಕ್ಕೂ ಬಯಲೇ ರಕ್ಷಣೆ. ಅಲ್ಲಿ ಗಿಡಗಳ ಸಾಲು ಎದ್ದರೆ ಕಾಗೆ, ಗಿಡುಗಗಳಿಗೆ ಕೂರುವ ಜಾಗವಾಗಿ ಆ ಗೂಡುಗಳೆಲ್ಲ ಅವುಗಳ ಪಾಲಾಗುತ್ತವೆ. ನಿಮಗೆ ದುಡಿಯುವ ಮನಸ್ಸಿದ್ದರೆ, ಕಾವಲನ್ನು ನೋಡಿಕೊಳ್ಳುವ ಇಲಾಖೆಯ ಒಪ್ಪಿಗೆ ಪಡೆದು, ಅದರೊಳಗೆ ನುಗ್ಗುತ್ತಿರುವ ಬಳ್ಳಾರಿ ಜಾಲಿಯ ಎಳೆಯ ಗಿಡಗಳನ್ನು ಮಳೆ ಬಿದ್ದು ನೆಲ ಮೆತ್ತಗಾದಾಗ ಹಾರೆಯಿಂದ ಬೇರುಸಹಿತ ಎಬ್ಬಿಸಿ ತೆಗೆಯಿರಿ. ಮೇಲೆ ಮಾತ್ರ ಕಡಿದರೆ ಅದು ಮತ್ತೆ ಚಿಗುರುತ್ತದೆ. ಬೇಲಿ ನೆಡುವ ಆಸೆಯನ್ನು ಕಾವಲಿನಿಂದ ದೂರವಿರುವ ಹೊಲಗಳ ಬದುವಿನ ಮೇಲೆ, ಆ ಹೊಲದವರ ಜೊತೆ ಸೇರಿ ತೀರಿಸಿಕೊಳ್ಳಬಹುದು.